ಏಳನೇ ತಾರೀಕಿನಿಂದ ಹನ್ನೆರಡರವರೆಗೆ

ಮಾರ್ಚ್ 3, ಸೋಮವಾರ

ಇವತ್ತು ಅತ್ತೆಯ ಬಲಗಣ್ಣಿನ ಪೊರೆ ತೆಗೆದರು. ಎರಡು ಗಂಟೆಗೆ ನಾನು ಆಸ್ಪತ್ರೆಯಲ್ಲಿರಬೇಕಿತ್ತು. ಒಂದೂವರೆಗೆ ಇನ್ನೂ ಆಫೀಸಿನ ಕುರ್ಚಿಗೆ ಅಂಟಿಕೊಂಡಿದ್ದೆ. ಎಂಬತ್ತು ಪೀಪಾಯಿಗಳ ಒಂದು ಕಂಟೇನರು, ಮರಕ್ಕೆ ಹುಳ ಹಿಡಿಯದಂತೆ ಬಳಿಯುವ ದ್ರಾವಣ, ಹದಿಮೂರನೇ ತಾರೀಕಿನ ಹಡಗಿಗೆ ಹೋಗಬೇಕು. ಕಾಗದದ ಮೇಲೆ ನನ್ನ ಸಹಿ ಬೀಳದೆ ಅದು ಬಂದರಿನ ಗೇಟು ದಾಟುವಂತಿಲ್ಲ.

ಅತ್ತೆ ನೆಂಟರಿಗೆಲ್ಲ "ನಮ್ಮ ಸೊಸೆ ಬಂದರಿನಲ್ಲಿ ವಿಷ ನೋಡ್ತಾಳೆ" ಅಂತ ಹೇಳಿಕೊಂಡು ಬರುತ್ತಾರೆ. ನಾನು ನೋಡುವುದು ವಿಷದ ಕಾಗದ. ಸಮುದ್ರದ ಮೇಲೆ ಹೋಗುವ ಸರಕಿನಲ್ಲಿ ಯಾವುದು ಬೆಂಕಿ ಹೊತ್ತಿಕೊಳ್ಳುತ್ತದೆ, ಯಾವುದು ಮೈ ಸುಡುತ್ತದೆ, ಯಾವುದು ನೀರಿಗೆ ಬಿದ್ದರೆ ಮೀನು ಮರಿಯನ್ನೂ ಬಿಡುವುದಿಲ್ಲ ಅಂತ ಕಳಿಸುವವರು ಬರೆದುಕೊಡಬೇಕು. ಬರೆದದ್ದು ನಿಯಮಕ್ಕೆ ಸರಿಯಿದೆ ಅಂತ ನಾನು ಸಹಿ ಹಾಕಬೇಕು. ಹನ್ನೊಂದು ವರ್ಷದಿಂದ ಇದೇ ಕೆಲಸ. ಕಾಗದ ಸರಿಯಿದ್ದರೆ ಎಲ್ಲ ಸರಿ.

ಮ್ಯಾನೇಜರು ಬಾಗಿಲಿಗೆ ಒರಗಿ ನಿಂತು, "ಹಳೇ ಗಿರಾಕಿ ರೀ. ಅಪಾಯ ಏನಿಲ್ಲ ಅಂತ ಬರೆದಿದಾರಲ್ಲ. ಒಂದ್ಸಲ ಕಣ್ಣಾಡಿಸಿ ಹೊರಡಿ, ಪಾಪ ನಿಮ್ಮತ್ತೆ ಕಾಯ್ತಿರ್ತಾರೆ" ಅಂದರು. ದ್ರಾವಣದ ಮಾಹಿತಿ ಹಾಳೆಯಲ್ಲಿ ಒಂಬತ್ತು ಪುಟ, ಹದಿನಾರು ಭಾಗ. ಸಾಗಣೆಯ ವಿಷಯ ಇರುವುದು ಹದಿನಾಲ್ಕನೆಯದರಲ್ಲಿ. ಅದನ್ನು ತೆಗೆದೆ. "ನಿಯಮ ಅನ್ವಯಿಸುವುದಿಲ್ಲ" ಅಂತ ಇತ್ತು. ಸಹಿ ಹಾಕಿದೆ, ಓಡಿದೆ.

ಇಪ್ಪತ್ತು ನಿಮಿಷ ತಡ. ಅತ್ತೆಯನ್ನು ಆಗಲೇ ಗಾಲಿಮಂಚದ ಮೇಲೆ ಮಲಗಿಸಿದ್ದರು. "ಬಂದ್ಯಾ? ನೀನು ಬರೋಷ್ಟರಲ್ಲಿ ಇನ್ನೊಂದು ಕಣ್ಣಿಗೂ ಮಾಡಿಸಿಬಿಡೋಣ ಅಂತಿದ್ದೆ" ಅಂದರು. ನರ್ಸಿಗೆ ನಗು ತಡೆಯಲಾಗಲಿಲ್ಲ. ನಾನು "ತಪ್ಪಾಯ್ತು ಅತ್ತೆ" ಅಂದೆ.

ಮಾರ್ಚ್ 5, ಬುಧವಾರ

ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ. ಬೆಳಗ್ಗೆ ಏಳರದ್ದು ನಾನು ಹಾಕುತ್ತೇನೆ, ಮಧ್ಯಾಹ್ನದ್ದು ಇವರು. ಇವರು ಹಡಗು ಎಳೆಯುವ ಟಗ್ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಾರೆ. ಆ ಎಣ್ಣೆಗೈಯಲ್ಲಿ ಹನಿ ಹಾಕಿಸಿಕೊಳ್ಳಲು ಅತ್ತೆಗೆ ಭಯ. "ಇಂಜಿನ್ನಿಗೆ ಹಾಕೋದನ್ನೇ ನನಗೂ ಹಾಕ್ತಿದಾನೇನೋ" ಅನ್ನುತ್ತಾರೆ.

ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಕೆಳಗೆ ಇಡೀ ಯಾರ್ಡು ಕಾಣುತ್ತದೆ. ಸಾಲುಸಾಲು ಕಂಟೇನರು, ನಡುವೆ ಇರುವೆಗಳ ಹಾಗೆ ಜನ. ಹನ್ನೊಂದು ವರ್ಷದಲ್ಲಿ ನಾನು ಅಲ್ಲಿಗೆ ಇಳಿದದ್ದು ಎರಡು ಸಲ. ಎರಡೂ ಸಲ ಆಫೀಸಿನವರ ಫೋಟೋ ತೆಗೆಸಿಕೊಳ್ಳಲು.

ಮಾರ್ಚ್ 7, ಶುಕ್ರವಾರ

ಏನು ಮಾಡಲಿ ತೋಚುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ವಾರದ ಕಾಗದಗಳನ್ನು ಕಡತಕ್ಕೆ ಸೇರಿಸುತ್ತಿದ್ದೆ. ಆ ಮರದ ದ್ರಾವಣದ ಹಾಳೆಗಳಿಗೆ ಪಿನ್ನು ಸರಿಯಾಗಿ ಕೂತಿರಲಿಲ್ಲ. ಬಿಚ್ಚಿ ಮತ್ತೆ ಚುಚ್ಚುವಾಗ ಹನ್ನೆರಡನೇ ಭಾಗ ಕಣ್ಣಿಗೆ ಬಿತ್ತು. ಪರಿಸರದ ಮೇಲಿನ ಪರಿಣಾಮ. ಮೀನುಗಳ ಮೇಲೆ ತೊಂಬತ್ತಾರು ಗಂಟೆ ಪರೀಕ್ಷೆ ಮಾಡಿದ್ದಾರೆ. ಒಂದು ಲೀಟರು ನೀರಿಗೆ 0.03 ಮಿಲಿಗ್ರಾಂ ಬಿದ್ದರೆ ಅರ್ಧದಷ್ಟು ಮೀನು ಸಾಯುತ್ತವೆ. ನಿಯಮದಲ್ಲಿ ಗೆರೆ ಎಳೆದಿರುವುದು ಒಂದು ಮಿಲಿಗ್ರಾಮಿಗೆ. ಒಂದು, ಅಥವಾ ಅದಕ್ಕಿಂತ ಕಡಿಮೆಯಲ್ಲೇ ಕೊಂದರೆ ಅದು ಕಡಲಿಗೆ ಮಾರಕವಾದ ಸರಕು. ಇದು ಆ ಗೆರೆಗಿಂತ ಮೂವತ್ತು ಪಟ್ಟು ಒಳಗಿದೆ.

ಅಂದರೆ ಪ್ರತಿ ಪೀಪಾಯಿಯ ಮೇಲೂ ಒಣಮರದ ಪಕ್ಕ ಸತ್ತ ಮೀನಿನ ಚಿತ್ರವಿರುವ ಚೌಕಾಕಾರದ ಗುರುತು ಇರಬೇಕಿತ್ತು. ಕಂಟೇನರಿನ ನಾಲ್ಕೂ ಬದಿಗೆ ಅದೇ ಗುರುತು ದೊಡ್ಡದಾಗಿ. ಹಡಗಿನವರಿಗೆ ಗೊತ್ತಿರಬೇಕಿತ್ತು. ಯಾರ್ಡಿನಲ್ಲಿ ಬೇರೆ ಜಾಗದಲ್ಲಿ ಇಡಬೇಕಿತ್ತು. ಒಂದೂ ಇಲ್ಲ. ಕಾಗದದ ಕೆಳಗೆ ಮಾತ್ರ ನನ್ನ ಸಹಿ ಇದೆ, ನೀಲಿ ಶಾಯಿಯಲ್ಲಿ, ಗಡಿಬಿಡಿಯಲ್ಲಿ ಹಾಕಿದ್ದಕ್ಕೆ ಬಾಲ ಉದ್ದವಾಗಿ.

ಕಾರ್ಖಾನೆಗೆ ಫೋನು ಮಾಡಿದೆ. ಸರಕು ಕಳಿಸುವ ವಿಭಾಗದವನು ನಕ್ಕ. "ಮೇಡಂ, ಹದಿನಾಲ್ಕನೇ ಭಾಗದಲ್ಲಿ ಅದನ್ನ ಬರೆದರೆ ಆ ಹಡಗಿನವರು ತಗೊಳ್ಳಲ್ಲ. ಅವರಲ್ಲಿ ಅಂಥ ಸರಕಿಗೆ ಜಾಗ ಮುಗಿದಿತ್ತು. ಇನ್ನೊಂದು ಹಡಗಿಗೆ ಹದಿನೈದು ದಿನ ಕಾಯ್ಬೇಕು. ನೀವು ಸಹಿ ಹಾಕಿದೀರಲ್ಲ, ಮತ್ತೇನು?"

ಫೋನು ಇಟ್ಟೆ. ಪಿನ್ನು ಚುಚ್ಚಿ ಕಡತದೊಳಗೆ ಸೇರಿಸಿದೆ.

ಮಾರ್ಚ್ 8, ಶನಿವಾರ

ಪೀಪಾಯಿ ಉಕ್ಕಿನದು. ಮುಚ್ಚಳಕ್ಕೆ ಮೊಹರು ಇದೆ. ಅದನ್ನು ಇಟ್ಟಿರುವ ಕಂಟೇನರಿಗೂ ಬೀಗ ಇದೆ. ಹದಿಮೂರಕ್ಕೆ ಹಡಗು ಹತ್ತಿದರೆ ಇಪ್ಪತ್ತೆಂಟಕ್ಕೆ ಆಚೆ ದಡದಲ್ಲಿ ಇಳಿಯುತ್ತದೆ. ಯಾರು ತೆರೆಯುತ್ತಾರೆ? ಇಷ್ಟು ವರ್ಷದಲ್ಲಿ ನಮ್ಮ ಯಾರ್ಡಿನಲ್ಲಿ ಒಂದೇ ಒಂದು ಪೀಪಾಯಿ ಒಡೆದದ್ದು ಕೇಳಿಲ್ಲ. ಹೇಳಿದರೆ ಮೊದಲು ಹೋಗುವುದು ನನ್ನ ಸಹಿಯ ಅಧಿಕಾರ, ಆಮೇಲೆ ಕೆಲಸ. ಹೇಳದಿದ್ದರೆ ಏನೂ ಆಗುವುದಿಲ್ಲ. ಬಹುಶಃ.

ಇವರು ಊಟಕ್ಕೆ ಕೂತಾಗ "ಯಾಕೆ ಸಪ್ಪಗಿದೀಯ?" ಅಂದರು. ತಲೆನೋವು ಅಂದೆ. ಒಳಗಿನ ಕೋಣೆಯಿಂದ ಅತ್ತೆ, "ತಲೆನೋವಲ್ಲ, ಬೇರೆ ಏನೋ ಇದೆ. ನನಗೆ ಮುಚ್ಚಿರೋದು ಒಂದು ಕಣ್ಣು ಅಷ್ಟೆ, ಕಿವಿ ಎರಡೂ ತೆರೆದೇ ಇವೆ" ಅಂದರು.

ಮಾರ್ಚ್ 9, ಭಾನುವಾರ

ಬಟ್ಟೆ ಒಗೆದೆ. ಹೊದಿಕೆ ಒಗೆದೆ. ಕಿಟಕಿ ಪರದೆ ಕೂಡ ಇಳಿಸಿ ಒಗೆದೆ.

ಮಾರ್ಚ್ 10, ಸೋಮವಾರ

ಮ್ಯಾನೇಜರಿಗೆ ಹೇಳಿಯೇ ಬಿಡುವುದು ಅಂತ ಗಟ್ಟಿ ಮನಸ್ಸು ಮಾಡಿ ಹೋದೆ. ಅವರ ಕೋಣೆಗೆ ಬೀಗ. ಯಾವುದೋ ಸಭೆಗೆ ಹೋಗಿದ್ದಾರಂತೆ, ಬುಧವಾರ ಮಧ್ಯಾಹ್ನ ಬರುತ್ತಾರಂತೆ. ಬೀಗ ನೋಡಿ ನನಗೆ ಎಷ್ಟು ಸಮಾಧಾನವಾಯಿತು ಅಂದರೆ ಬರೆಯಲು ನಾಚಿಕೆ.

ಅವರಿಗೊಂದು ಪತ್ರ ಟೈಪು ಮಾಡಿದೆ. ಎರಡು ಸಲ ತಿದ್ದಿದೆ. ಕಳಿಸಲಿಲ್ಲ. ಇಂಥ ವಿಷಯ ಮುಖತಃ ಹೇಳುವುದೇ ಮೇಲು.

ಮಾರ್ಚ್ 11, ಮಂಗಳವಾರ

ಮೂರೂವರೆ ಸುಮಾರಿಗೆ ಕೆಳಗೆ ಧಡ್ ಅಂತ ಶಬ್ದ. ಕ್ರೇನು ಒಂದು ಕಂಟೇನರನ್ನು ಆತುರದಲ್ಲಿ ಇಳಿಸಿದ್ದಿರಬೇಕು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ನೋಡಿದರೆ ಯಾರ್ಡಿನ ಮೇಸ್ತ್ರಿ ಕೊಳವೆ ಹಿಡಿದು ನೆಲ ತೊಳೆಯುತ್ತಿದ್ದರು. ಬಿಳಿ ನೊರೆ ಚರಂಡಿಯ ಕಡೆ ಹರಿಯುತ್ತಿತ್ತು.

ಯಾವ ಕಂಟೇನರು ಅಂತ ಕೇಳಲಿಲ್ಲ. ಕೇಳಲು ಒಂದು ಫೋನು ಸಾಕಿತ್ತು.

ಮಾರ್ಚ್ 12, ಬುಧವಾರ

ಬೆಳಗ್ಗೆ ಏಳಕ್ಕೆ ಇವರು ಪಾಳಿ ಮುಗಿಸಿ ಬಂದರು. ಚಪ್ಪಲಿ ಬಿಡುತ್ತಲೇ, "ಬಂದರಿನ ಹಿಂದಿನ ಕೊಲ್ಲಿಯಲ್ಲಿ ಮೀನು ತೇಲ್ತಿವೆ. ಒಂದೆರಡಲ್ಲ. ದೊಡ್ಡ ಚರಂಡಿ ಬಂದು ಸೇರುತ್ತಲ್ಲ, ಅಲ್ಲಿಂದ ಬೆಳ್ಳಗೆ ಹಾಸಿದ ಹಾಗಿದೆ. ಬಲೆ ಹಾಕೋರು ದಡದಲ್ಲಿ ಸುಮ್ನೆ ನಿಂತಿದಾರೆ" ಅಂದರು.

ನನ್ನ ಕೈಯಲ್ಲಿ ಅತ್ತೆಯ ಕಣ್ಣಿನ ಹನಿಯ ಬಾಟಲಿ ಇತ್ತು. ಅದನ್ನು ಇವರ ಕೈಗೆ ಕೊಟ್ಟು ಹೊರಟೆ. "ಏ, ಹನಿ!" ಅಂತ ಅತ್ತೆ ಕೂಗಿದರು. "ಮಗ ಹಾಕ್ತಾರೆ" ಅಂದೆ. ಬಾಗಿಲು ಹಾಕಲೂ ಇಲ್ಲ.

ಮೆಟ್ಟಿಲು ಹತ್ತಲಿಲ್ಲ, ನೇರ ಯಾರ್ಡಿಗೆ ಹೋದೆ. ಅಲ್ಲಿ ಯಾವ ಸಾಲು ಎಲ್ಲಿ ಅಂತ ನನಗೆ ಗೊತ್ತಿಲ್ಲ. ಲಾರಿಯವನೊಬ್ಬ ಬೈದ, ಪಕ್ಕಕ್ಕೆ ಹೋಗಮ್ಮಾ ಅಂದ. ಆರನೇ ಸಾಲಿನ ಕೊನೆಯಲ್ಲಿ ಅದೇ ನಂಬರಿನ ಕಂಟೇನರು ಸಿಕ್ಕಿತು. ಬಾಗಿಲ ಕೆಳಗಿಂದ ಎಣ್ಣೆಯಂಥದ್ದು ಇನ್ನೂ ಜಿನುಗುತ್ತಿತ್ತು. ಸೀಮೆಎಣ್ಣೆಯ ಹಾಗೆ ವಾಸನೆ, ಗಂಟಲಿಗೆ ಹಿಡಿಯುವಂಥದ್ದು. ಮೇಸ್ತ್ರಿ ಮತ್ತೆ ಕೊಳವೆ ಎಳೆದುಕೊಂಡು ಬರುತ್ತಿದ್ದರು. ಐವತ್ತೈದು ದಾಟಿದವರು, ಒಣಕಲು ಮೈ. ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದರು.

"ನೀರು ಬಿಡಬೇಡಿ!" ಅಂತ ಕಿರುಚಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಅಂತ ನನಗೇ ಗೊತ್ತಿರಲಿಲ್ಲ.

"ಯಾಕ್ ಮೇಡಂ? ನೀರು ಬಿಟ್ರೆ ನೊರೆ ಬಂತು, ಸೋಪಿನಂಥದ್ದೇನೋ ಅಂದ್ಕೊಂಡ್ವಿ. ಗುರುತು ಗಿರುತು ಏನೂ ಇಲ್ಲವಲ್ಲ ಇದಕ್ಕೆ."

"ಸೋಪಲ್ಲ. ವಿಷ. ಚರಂಡಿ ಬಾಗಿಲು ಎಲ್ಲಿದೆ? ಮೊದಲು ಅದನ್ನ ಮುಚ್ಚಿಸಿ. ಮರಳು ತರಿಸಿ, ಎಷ್ಟಿದೆಯೋ ಅಷ್ಟೂ."

ಮೇಸ್ತ್ರಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕೊಳವೆ ಕೆಳಗಿಟ್ಟು ತಮ್ಮ ಜನರನ್ನು ಕೂಗಿ ಕರೆದರು. ಇಬ್ಬರು ಓಡಿ ಚರಂಡಿಯ ಕಬ್ಬಿಣದ ಬಾಗಿಲು ತಿರುಗಿಸಿ ಇಳಿಸಿದರು. ಉಳಿದವರು ಮರಳು ಚೀಲ ಹೊತ್ತು ತಂದು ಸುತ್ತ ಕಟ್ಟೆ ಕಟ್ಟಿದರು. ಮೇಸ್ತ್ರಿಯ ಕೈಯ ಬಟ್ಟೆ ಬಿಚ್ಚಿಸಿದೆ. ಅಂಗೈ ತುಂಬ ಬೊಬ್ಬೆ. ನಿನ್ನೆ ಸೋರುವುದು ಕಂಡು ಕಂಟೇನರಿನ ಬೀಗ ತೆಗೆಸಿ, ಒಡೆದ ಪೀಪಾಯಿಯನ್ನು ಬರಿಗೈಯಲ್ಲಿ ಎತ್ತಿ ನೆಟ್ಟಗೆ ನಿಲ್ಲಿಸಿದ್ದರಂತೆ. ನಲ್ಲಿ ಕೆಳಗೆ ಹಿಡಿಸಿ, ಬಕೆಟ್ಟು ಇಟ್ಟು, ಆ ನೀರೂ ಚರಂಡಿಗೆ ಹೋಗದ ಹಾಗೆ ನೋಡಿಕೊಂಡೆ. ಮೇಲೆ ಆಫೀಸಿನಿಂದ ತರಿಸಿದ ಮಾಹಿತಿ ಹಾಳೆಯ ನಕಲನ್ನು ಅವರ ಜೇಬಿಗೆ ತುರುಕಿ, "ಆಸ್ಪತ್ರೆಯಲ್ಲಿ ಇದನ್ನ ತೋರಿಸಿ, ನಾಲ್ಕನೇ ಭಾಗದಲ್ಲಿ ಚಿಕಿತ್ಸೆ ಇದೆ, ಅದನ್ನ ಓದೋಕೆ ಹೇಳಿ" ಅಂತ ಕಳಿಸಿದೆ.

ಆಮೇಲೆ ಅಲ್ಲೇ ನಿಂತು ಬಂದರು ಅಧಿಕಾರಿಯ ಕಚೇರಿಗೆ ಫೋನು ಮಾಡಿದೆ. ಕಂಟೇನರಿನ ನಂಬರು, ದ್ರಾವಣದ ಹೆಸರು, ಎಲ್ಲ ಹೇಳಿದೆ. ಮ್ಯಾನೇಜರು ದಾರಿಯಲ್ಲೇ ವಿಷಯ ತಿಳಿದು ಫೋನಿನಲ್ಲಿ ಕೂಗಾಡಿದರು. "ನನ್ನ ಕೇಳದೆ ಯಾಕ್ರೀ ಹೇಳಿದ್ರಿ?" ಅಂದರು. ಮರಳಿನವರು ಕರೆಯುತ್ತಿದ್ದರು. "ಆಮೇಲೆ ಮಾತಾಡೋಣ ಸಾರ್" ಅಂತ ಇಟ್ಟೆ.

ಮನೆಗೆ ಬಂದಾಗ ಸೀರೆಯ ಅಂಚೆಲ್ಲ ಮರಳು. ಅತ್ತೆ, "ಇವನು ಹನಿ ಕೆನ್ನೆಗೆ ಹಾಕಿದ" ಅಂತ ದೂರು ಕೊಟ್ಟರು.

ಮಾರ್ಚ್ 13, ಗುರುವಾರ

ಆ ಕಂಟೇನರು ಬಿಟ್ಟು ಹಡಗು ಹೊರಟಿತು.

ಆಸ್ಪತ್ರೆಗೆ ಹೋದೆ. ಮೇಸ್ತ್ರಿಯ ಎರಡೂ ಕೈಗೆ ಬೆರಳ ತುದಿಯವರೆಗೆ ಬ್ಯಾಂಡೇಜು. ಅವರ ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ನನ್ನನ್ನು ಕಂಡು ಮೇಸ್ತ್ರಿ ಎದ್ದು ಕೂರಲು ನೋಡಿದರು. "ಡಾಕ್ಟರು ಹೇಳಿದ್ರು, ಆ ಕಾಗದ ಇಲ್ಲದಿದ್ರೆ ಏನು ಅಂತ ಗೊತ್ತಾಗೋದಕ್ಕೇ ಎರಡು ದಿನ ಹಿಡೀತಿತ್ತಂತೆ. ನೀನು ಬಂದದ್ದು ಒಳ್ಳೇದಾಯ್ತು ತಂಗಿ" ಅಂದರು. ನಿನ್ನೆಯವರೆಗೂ ಮೇಡಂ ಆಗಿದ್ದೆ.

ಹೆಚ್ಚು ಹೊತ್ತು ಕೂರಲಾಗಲಿಲ್ಲ.

ಮಾರ್ಚ್ 15, ಶನಿವಾರ

ಮ್ಯಾನೇಜರು ಕರೆದರು. ಕೂಗಾಟವಿಲ್ಲ, ಬಾಯಲ್ಲಿ ಬೆಲ್ಲ. ಬಂದರು ಕಚೇರಿಯಿಂದ ಮೆಚ್ಚುಗೆಯ ಮಾತು ಬಂದಿದೆ, ಸಮಯಕ್ಕೆ ಸರಿಯಾಗಿ ಎಚ್ಚರಿಸಿದ ಪರಿಶೀಲಕಿ ಅಂತ. ಇಪ್ಪತ್ತಕ್ಕೆ ವಿಚಾರಣೆ. ನಾನು ಕೊಡಬೇಕಾದ ಹೇಳಿಕೆಯನ್ನು ಅವರೇ ಬರೆಸಿಟ್ಟಿದ್ದರು: ಕಾರ್ಖಾನೆ ಕೊಟ್ಟ ತಪ್ಪು ಮಾಹಿತಿಯನ್ನು ನಂಬಿ ಸಹಿ ಹಾಕಿದೆ, ಹನ್ನೆರಡರ ಬೆಳಗ್ಗೆ ಸತ್ತ ಮೀನಿನ ಸುದ್ದಿ ತಿಳಿದು ಅನುಮಾನ ಬಂದು ಹಾಳೆ ಓದಿದೆ, ತಕ್ಷಣ ತಿಳಿಸಿದೆ.

"ತಪ್ಪೆಲ್ಲ ಕಾರ್ಖಾನೆಯವರದು. ಆಫೀಸಿನ ಮಾನವೂ ಉಳೀತು, ನಿಮ್ಮದೂ" ಅಂದರು. ಏಳನೇ ತಾರೀಕಿನ ವಿಷಯ ಅವರಿಗೆ ಗೊತ್ತಿಲ್ಲ. ಕಾರ್ಖಾನೆಯ ಆ ಮನುಷ್ಯ ನನ್ನ ಫೋನಿನ ವಿಷಯ ಎತ್ತುವುದಿಲ್ಲ, ಎತ್ತಿದರೆ ಅವನ ಕುತ್ತಿಗೆಗೇ ಬರುತ್ತದೆ. ಗೊತ್ತಿರುವುದು ನನಗೆ, ಈ ಪುಸ್ತಕಕ್ಕೆ.

ಇವರಿಗೆ ಎಲ್ಲ ಹೇಳಿದೆ. "ಕೊನೆಗಾದರೂ ಹೇಳಿದೆಯಲ್ಲ. ದಿನ ಎಣಿಸ್ತಾ ಕೂರೋರು ಯಾರು?" ಅಂದರು. ಅತ್ತೆ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದರು. "ಕೇಳದೇ ಇರೋದನ್ನ ತಾನಾಗಿ ಹೇಳೋದು ಹುಚ್ಚುತನ. ಬಾಯಿ ಮುಚ್ಚಿಕೊಂಡಿರು."

"ಅದನ್ನೇ ಮಾಡಿದ್ದೆ ಅತ್ತೆ" ಅಂದೆ. ಅವರು ಒಂದು ಕಣ್ಣಲ್ಲೇ ನನ್ನನ್ನು ದಿಟ್ಟಿಸಿದರು.

ಮಾರ್ಚ್ 17, ಸೋಮವಾರ

ಸಂಜೆ ಮೇಸ್ತ್ರಿ, ಅವರ ಹೆಂಡತಿ ಮನೆ ಹುಡುಕಿಕೊಂಡು ಬಂದರು. ಅವರಿಗೆ ಲೋಟ ಹಿಡಿಯಲಾಗದು, ಕಾಫಿಯನ್ನು ಹೆಂಡತಿ ಆರಿಸಿ ಕುಡಿಸಿದರು. "ಇನ್ನು ಮೂರು ವಾರ ನನಗೆ ರಾಜಯೋಗ. ಅಂಗಿ ಗುಂಡಿ ಕೂಡ ಇವಳೇ ಹಾಕ್ಬೇಕು" ಅಂತ ನಕ್ಕರು. ಹೆಂಡತಿ ನಗಲಿಲ್ಲ. ಹೊರಡುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡು, "ನಿಮ್ಮನ್ನ ಮರೆಯಲ್ಲ ಕಣಮ್ಮಾ" ಅಂದರು.

ಅವರು ಹೋದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ.

ಮಾರ್ಚ್ 20, ಗುರುವಾರ

ವಿಚಾರಣೆ ಬಂದರು ಕಚೇರಿಯ ಕೆಳಗಿನ ಕೋಣೆಯಲ್ಲಿ. ಉದ್ದ ಮೇಜು, ನೀರಿನ ಜಗ್ಗು, ತಿರುಗುವಾಗ ಕಿರ್‍ರನ್ನುವ ಫ್ಯಾನು. ಅಧಿಕಾರಿ ಹೆಂಗಸು, ನನಗಿಂತ ಚಿಕ್ಕವರು, ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಂಡಿದ್ದರು. ಹಿಂದಿನ ಬೆಂಚಿನಲ್ಲಿ ಮೇಸ್ತ್ರಿ, ಕೈಗಳನ್ನು ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು. ಅವರ ಪಕ್ಕ ಕೊಲ್ಲಿಯಲ್ಲಿ ಬಲೆ ಹಾಕುವ ಹೆಂಗಸೊಬ್ಬಳು. ಒಂದು ತಿಂಗಳು ಅಲ್ಲಿ ಬಲೆ ಇಳಿಸಬಾರದು ಅಂತ ಆದೇಶವಾಗಿದೆ. ಆ ಬಲೆಗಳನ್ನೇ ನಂಬಿರುವವು ನಲವತ್ತು ಮನೆ.

ಮ್ಯಾನೇಜರು ನನ್ನ ಹೇಳಿಕೆಯನ್ನು ಮೇಜಿನ ಮೇಲಿಟ್ಟರು. ಕೆಳಗೆ ಸಹಿಗೆ ಜಾಗ ಖಾಲಿ ಇತ್ತು. ಅಧಿಕಾರಿ ಓದಿದರು. ಪೆನ್ನನ್ನು ನನ್ನ ಕಡೆ ತಳ್ಳುತ್ತಾ, ಬಹುಶಃ ಸುಮ್ಮನೆ ವಾಡಿಕೆಗೆ, "ಹನ್ನೆರಡನೇ ತಾರೀಕು ನಿಮಗೆ ಗೊತ್ತಾದದ್ದು, ಅಲ್ವಾ?" ಅಂದರು.

"ಅಲ್ಲ. ಏಳನೇ ತಾರೀಕು. ಶುಕ್ರವಾರ ಹನ್ನೊಂದು ಗಂಟೆಗೆ."

ಮ್ಯಾನೇಜರು ಕುರ್ಚಿ ಸರಿಸಿದ ಶಬ್ದ. ಅಧಿಕಾರಿ ಕನ್ನಡಕ ಇಳಿಸಿ ಹಾಕಿಕೊಂಡರು. "ಯಾರಿಗೆ ಹೇಳಿದ್ರಿ?"

"ಕಾರ್ಖಾನೆಯವರಿಗೆ ಫೋನು ಮಾಡಿದೆ. ಇಲ್ಲಿ ಯಾರಿಗೂ ಹೇಳಲಿಲ್ಲ."

"ಯಾಕೆ?"

ನೂರು ಕಾರಣ ಬರೆದುಕೊಂಡಿದ್ದೇನೆ ಈ ಪುಸ್ತಕದಲ್ಲಿ. ಒಂದನ್ನೂ ಎತ್ತಲಿಲ್ಲ. "ಸಹಿ ನನ್ನದಾಗಿತ್ತು. ಭಯ ಆಯ್ತು" ಅಂದೆ.

ಎದ್ದು ಬರುವಾಗ ಬೆಂಚಿನ ಪಕ್ಕದಲ್ಲೇ ದಾರಿ. ಮೇಸ್ತ್ರಿ ತಲೆ ಎತ್ತಿದರು. "ಮಂಗಳವಾರ ನಾನು ಅದನ್ನ ಎತ್ತಿದಾಗ ನಿಮಗೆ ಗೊತ್ತಿತ್ತಾ ಮೇಡಂ?"

"ಗೊತ್ತಿತ್ತು."

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 21, ಶುಕ್ರವಾರ

ಆಫೀಸಿನಲ್ಲಿ ಯಾರೂ ನನ್ನ ಮೇಜಿನ ಕಡೆ ಬರಲಿಲ್ಲ.

ಮಾರ್ಚ್ 25, ಮಂಗಳವಾರ

ಆದೇಶ ಬಂತು. ಕಾರ್ಖಾನೆಯ ಮೇಲೆ ಮೊಕದ್ದಮೆ, ಕೊಲ್ಲಿಯವರಿಗೆ ಅವರೇ ಪರಿಹಾರ ಕೊಡಬೇಕು. ನನಗೆ ಒಂದು ವರ್ಷ ಸಹಿಯ ಅಧಿಕಾರ ಇಲ್ಲ. ಸಹಿ ಹಾಕಲಾಗದ ಪರಿಶೀಲಕಿಯಿಂದ ಆಫೀಸಿಗೇನು ಪ್ರಯೋಜನ ಅಂತ ಮ್ಯಾನೇಜರು ನನ್ನನ್ನು ಕೆಳಗಿನ ದಾಖಲೆ ಕೋಣೆಗೆ ಹಾಕಿದರು. ಯಾರ್ಡಿಗೆ ಬಾಗಿಲು ತೆರೆಯುವ ಕೋಣೆ, ಕಿಟಕಿಯಿಲ್ಲ. ಬೆಳಕಿಗೆ ಬಾಗಿಲು ತೆರೆದಿಡಬೇಕು. ಹೋಗುವ ಬರುವ ಪೀಪಾಯಿಗಳ ಮೇಲಿನ ಬರಹ ಕೂತಲ್ಲಿಂದಲೇ ಓದಬಹುದು. ಇವತ್ತು ಒಂದರ ಮೇಲೆ ಗುರುತು ಹರಿದಿತ್ತು, ಹೋಗಿ ನಿಲ್ಲಿಸಿದೆ. ಎರಡು ಲಾರಿ ಹಿಂದೆ ನಿಂತು ಹಾರ್ನು ಹೊಡೆದವು. ಹೊಡೆಯಲಿ ಅಂತ ಬೇರೆ ಗುರುತು ಬರುವವರೆಗೂ ಬಿಡಲಿಲ್ಲ.

ಅತ್ತೆಗೆ ಆದೇಶ ಓದಿ ಹೇಳಿದೆ. "ನಾನು ಹೇಳಿರಲಿಲ್ವಾ?" ಅಂದರು. "ಹೇಳಿದ್ರಿ" ಅಂದೆ. ಮುಂದಿನ ಮಾತಿಗೆ ಅವರು ಬಾಯಿ ತೆರೆಯುವಷ್ಟರಲ್ಲಿ, "ಕಣ್ಣು ಮೇಲೆ ಮಾಡಿ" ಅಂತ ಹನಿ ಹಾಕಿದೆ.

ಏಪ್ರಿಲ್ 9, ಬುಧವಾರ

ಎರಡು ವಾರ ಬರೆಯಲು ಆಗಿರಲಿಲ್ಲ, ಕೆಲಸ.

ಮೇಸ್ತ್ರಿ ಇವತ್ತು ಕೆಲಸಕ್ಕೆ ಬಂದರು. ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ಹತ್ತು ಗಂಟೆಗೆ ನನ್ನ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ಬಂದರಿನವರು ಹೇಳಿದಾರೆ, ಯಾರ್ಡಿನ ಜನಕ್ಕೆ ಈ ಗುರುತುಗಳನ್ನೆಲ್ಲ ಕಲಿಸ್ಬೇಕಂತೆ. ಕಲಿಸೋಕೆ ಹೊರಗಿನಿಂದ ಯಾರೋ ಬರ್ತಾರಂತೆ, ಯಾವಾಗಲೋ. ಅಲ್ಲೀವರೆಗೆ ಪೀಪಾಯಿ ಎತ್ತೋದು ನಿಲ್ಲಲ್ಲ. ನೀವು ಬಂದು ಹೇಳಿಕೊಡಿ."

ನಾನು ಎದ್ದೆ. ಅವರು ಕೈ ಅಡ್ಡ ಹಿಡಿದರು. "ಒಂದು ಮಾತು. ನನಗೆ ಸಮಾಧಾನ ಆಗಿಬಿಟ್ಟಿದೆ ಅಂತ ತಿಳ್ಕೋಬೇಡಿ ಮೇಡಂ. ಆಗಿಲ್ಲ. ಓದೋಕೆ ಬರೋರು ಬೇಕು, ಅದಕ್ಕೆ ಕರೀತಿದೀನಿ."

"ಸರಿ" ಅಂದೆ.

ಶೆಡ್ಡಿನ ನೆರಳಿನಲ್ಲಿ ಹನ್ನೊಂದು ಜನ. ಮರಳು ಹೊತ್ತವರು, ಚರಂಡಿ ಬಾಗಿಲು ಇಳಿಸಿದವರು, ಕ್ರೇನಿನವನು. ಯಾರೂ ಕೂತಿರಲಿಲ್ಲ. ಗುರುತುಗಳ ಹಾಳೆ ನನ್ನ ಕೈಯಲ್ಲಿತ್ತು. ಅದನ್ನು ಬಿಡಿಸುವ ಮೊದಲು ಏಳನೇ ತಾರೀಕಿನಿಂದ ಹನ್ನೆರಡರವರೆಗೆ ನಾನು ಏನು ಮಾಡಿದೆ, ಏನು ಮಾಡಲಿಲ್ಲ, ದಿನದಿನದ್ದೂ ಹೇಳಿದೆ. ಪರದೆ ಒಗೆದದ್ದೂ ಹೇಳಿದೆ. ಯಾರೂ ನಗಲಿಲ್ಲ.

ಕ್ರೇನಿನವನು ಕೇಳಿದ, "ಆ ಐದು ದಿನ ನಿಮಗೆ ನಿದ್ದೆ ಬರ್ತಿತ್ತಾ?"

ಬರುತ್ತಿರಲಿಲ್ಲ ಅನ್ನಬೇಕು ಅನ್ನಿಸಿತು. ಎಲ್ಲರೂ ಅದನ್ನೇ ಕಾಯುತ್ತಿದ್ದ ಹಾಗಿತ್ತು.

"ಬರ್ತಿತ್ತು" ಅಂದೆ. "ಚೆನ್ನಾಗೇ ಬರ್ತಿತ್ತು."

ಮೇಸ್ತ್ರಿ ಒಂದು ಖಾಲಿ ಪೀಪಾಯಿಯನ್ನು ಮೊಣಕೈಯಿಂದ ತಳ್ಳಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು. "ಸರಿ. ಆ ಮೀನಿನ ಚಿತ್ರ ಎಲ್ಲಿ ಅಂಟಿಸ್ಬೇಕು, ಅದನ್ನ ಮೊದಲು ತೋರಿಸಿ" ಅಂದರು.